ಜೀವಕೋಶದ ಗುರುತಿಸುವಿಕೆ ಮತ್ತು ಅರಿವಿನ ಪ್ರಶ್ನೆ

ರೋಗನಿರೋಧಕ ಜೀವಕೋಶಗಳು ತಮ್ಮ ದೇಹದ್ದನ್ನೂ ಪರಕೀಯವಾದುದನ್ನೂ ಗುರುತಿಸುತ್ತವೆ ಎಂಬ ಮಾತು ವಿಜ್ಞಾನದಲ್ಲಿ ವಾಡಿಕೆಯಾಗಿದ್ದರೂ, ಆ ಗುರುತಿಸುವಿಕೆ ಅರಿವೇ ಎಂಬುದನ್ನು ಪ್ರಯೋಗಶಾಲೆ ತೀರ್ಮಾನಿಸಲಾರದು. ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳ ಸೀಮೆಗೆ ಈ ಬಗೆಯ ಜಿಜ್ಞಾಸೆ ಹೊಸದಲ್ಲ. 12ನೆಯ ಶತಮಾನದಲ್ಲಿ ವಿಶಿಷ್ಟಾದ್ವೈತದ ಆಚಾರ್ಯ ರಾಮಾನುಜರು ಬಂದು ವಡುಗನಂಬಿಯನ್ನು ಶಿಷ್ಯನನ್ನಾಗಿ ಸ್ವೀಕರಿಸಿದರೆಂದು ಪರಂಪರೆ ಹೇಳುವ ಸಾಲಿಗ್ರಾಮ ಇಲ್ಲಿಯೇ ಇದೆ.

ಈ ಗುರುತಿಸುವಿಕೆ ನಡೆಯುವ, ಜೀವಕೋಶವನ್ನು ಸುತ್ತುವರಿದ ಪೊರೆ ಸುಮಾರು 5 ನ್ಯಾನೋಮೀಟರ್ ದಪ್ಪದ, ಕೊಬ್ಬಿನ ಎರಡು ಪದರಗಳ ಹಾಳೆ. ರಕ್ತಪರೀಕ್ಷೆಯ ವರದಿಯಲ್ಲಿ ಜನರು ಅಂಜುತ್ತ ನೋಡುವ ಕೊಲೆಸ್ಟರಾಲ್ ಅದರ ಬಿಗಿಯನ್ನು ಕಾಯುತ್ತದೆ. ಪೊರೆಯ ಹೊರಮೈಗೆ ಕೊಬ್ಬಿನ ಕೊಂಡಿಯಿಂದ ತಗುಲಿದ ಕೆಲವು ಪ್ರೋಟೀನುಗಳು 70 ನ್ಯಾನೋಮೀಟರಿಗಿಂತ ಕಿರಿದಾದ ಗುಂಪುಗಳಲ್ಲಿರುತ್ತವೆಂದೂ, ಕೊಲೆಸ್ಟರಾಲ್ ತಗ್ಗಿದರೆ ಆ ಗುಂಪುಗಳು ಚದುರುತ್ತವೆಂದೂ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವರ್ಮ ಮತ್ತು ಸತ್ಯಜಿತ್ ಮೇಯರ್ 1998ರಲ್ಲಿ ತೋರಿಸಿದರು. ಥೈಮಸ್ ಗ್ರಂಥಿಯಲ್ಲಿ ಪಕ್ವವಾಗುವ ರೋಗನಿರೋಧಕ ಟಿ-ಕೋಶದ ಸಂಗತಿ ಇನ್ನೂ ಸೂಕ್ಷ್ಮ. ಪರಕೀಯ ಕಣವನ್ನು ಹಿಡಿಯುವ ಅದರ ಗ್ರಾಹಕಕ್ಕೆ, ಅಂದರೆ ಪೊರೆಯಲ್ಲಿ ನೆಟ್ಟ ಪ್ರೋಟೀನಿಗೆ, ಕೊಲೆಸ್ಟರಾಲ್ ಅಂಟಿಕೊಂಡಿರುವವರೆಗೆ ಗ್ರಾಹಕ ನಿಷ್ಕ್ರಿಯ ರೂಪದಲ್ಲಿರುತ್ತದೆ. ಆದರೆ ಹಲವು ಗ್ರಾಹಕಗಳು ಒಟ್ಟುಗೂಡಿ ಬಲವಾಗಿ ಸ್ಪಂದಿಸುವುದಕ್ಕೂ ಅದೇ ಕೊಲೆಸ್ಟರಾಲ್ ಬೇಕು. ಕೊಲೆಸ್ಟರಾಲನ್ನು ದಾಸ್ತಾನಿಗೆ ಸೇರಿಸುವ ಕಿಣ್ವವನ್ನು ಇಲಿಗಳಲ್ಲಿ ತಡೆದಾಗ ಪೊರೆಯಲ್ಲಿ ಅದರ ಪ್ರಮಾಣ ಹೆಚ್ಚಿ, ಟಿ-ಕೋಶಗಳು ಗಂತಿಗಳನ್ನು ಇನ್ನಷ್ಟು ಸಮರ್ಥವಾಗಿ ಎದುರಿಸಿದ್ದು 2016ರಲ್ಲಿ ವರದಿಯಾಯಿತು.

ಇಷ್ಟರಿಂದಲೇ ಅರಿವು ಕೊಬ್ಬಿನ ಗುಣವೆಂದು ಭೌತವಾದಿ ಹೇಳಹೊರಟರೆ ಅದು ಅವಸರದ ಮಾತು, ಏಕೆಂದರೆ ಆಶ್ರಯಿಸಿರುವುದು ಬೇರೆ, ಅದೇ ಆಗಿರುವುದು ಬೇರೆ. ಚೇತನವೊಂದು ತನ್ನ ಪ್ರಯೋಜನಕ್ಕಾಗಿ ಸಂಪೂರ್ಣವಾಗಿ ಧರಿಸಿ ನಿಯಮಿಸಬಲ್ಲ, ಅದಕ್ಕೆ ಶೇಷವಾಗಿಯೇ ಇರುವ ದ್ರವ್ಯವೇ ಶರೀರವೆಂಬುದು ರಾಮಾನುಜರ ಶ್ರೀಭಾಷ್ಯ ಕೊಡುವ ಲಕ್ಷಣ. ಶೇಷವೆಂದರೆ ಇನ್ನೊಬ್ಬರಿಗಾಗಿಯೇ ಇರುವುದು. ಇದರಂತೆ ಟಿ-ಕೋಶವು ಶರೀರದ ಭಾಗವೇ ಹೊರತು ಅರಿಯುವ ಜ್ಞಾತೃವಲ್ಲ.

ಆದರೂ ಒಂದು ತೊಡಕು ಉಳಿಯುತ್ತದೆ. ಯಾವ ಮನುಷ್ಯನೂ ಸಂಕಲ್ಪಮಾತ್ರದಿಂದ ತನ್ನ ಟಿ-ಕೋಶವನ್ನು ನಿಯಮಿಸಲಾರ. ಕೆಲವು ಸ್ವನಿರೋಧಕ ರೋಗಗಳಲ್ಲಂತೂ ಅದು ಅವನ ಕೀಲುಗಳ ಮೇಲೆಯೇ ಎರಗುತ್ತದೆ. ರೋಗದಿಂದ ಮರಗಟ್ಟಿದ ಅಂಗದಲ್ಲಿ ನಿಯಮನದ ಶಕ್ತಿ ತಡೆಗೊಂಡಿರುತ್ತದೆಯೇ ಹೊರತು ಇಲ್ಲವಾಗುವುದಿಲ್ಲವೆಂಬ ರಾಮಾನುಜರ ಸಮಾಧಾನ ಇಲ್ಲಿ ಸಾಲದು, ಏಕೆಂದರೆ ಟಿ-ಕೋಶದ ಮೇಲೆ ಜೀವನಿಗೆ ಅಂಥ ಹಿಡಿತ ಎಂದೂ ಇದ್ದಂತಿಲ್ಲ. ಆಗ ವಿಶಿಷ್ಟಾದ್ವೈತಿ ಅಂತರ್ಯಾಮಿಯತ್ತ, ಅಂದರೆ ಜೀವನನ್ನೂ ಜಡವನ್ನೂ ಒಳಗಿನಿಂದ ನಿಯಮಿಸುವ ಪರಮಾತ್ಮನತ್ತ, ಬೆರಳು ಮಾಡಬೇಕಾಗುತ್ತದೆ. ಆ ಉತ್ತರಕ್ಕೆ ಪ್ರಮಾಣ ಶಾಸ್ತ್ರವೇ ಹೊರತು ಸೂಕ್ಷ್ಮದರ್ಶಕವಲ್ಲ.