ಬೊಮ್ಮನ ಬಂದರು

ಮಂಗಳೂರಿಗೆ ಬರುವ ಪ್ರವಾಸಿಗರಲ್ಲಿ ಹಳೆ ಬಂದರಿನತ್ತ ಹೋಗುವವರು ಕಡಿಮೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲಿಗಿಳಿಯುವ ಅಳಿವೆಯ ಒಳಬದಿಯಲ್ಲಿದೆ ಈ ಹಳೆಯ ಪೇಟೆ. ಕಿರಿದಾದ ರಸ್ತೆಗಳು, ಮಂಡಿಗಳು, ಒಣಮೀನಿನ ವಾಸನೆ, ಎದುರುದಡದ ಬೆಂಗ್ರೆಗೆ ಜನರನ್ನು ದಾಟಿಸುವ ದೋಣಿ. 1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಆದಮೇಲೆ ದೊಡ್ಡ ಹಡಗುಗಳ ವ್ಯವಹಾರ ಅಲ್ಲಿಗೆ ಹೋಯಿತು. ಇಲ್ಲಿ ಉಳಿದವು ಮೀನುಗಾರಿಕೆಯ ದೋಣಿಗಳು ಮತ್ತು ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು.

'ಬಂದರು' ಫಾರಸಿಯಿಂದ ಬಂದ ಮಾತು. ಉರ್ದು ಓದಿದ ನಮಗೆ 'ಬಂದರ್' ಎಂದರೆ ರೇವೂ ಹೌದು, ಕೋತಿಯೂ ಹೌದು! ಅರಬಿಯ 'ಹಮ್ಮಾಲ್' ಇಲ್ಲಿ ಹಮಾಲಿಯಾದ.

ಈ ಊರಿನ ಬಗ್ಗೆ ನಾವು ಹೆಮ್ಮೆಯಿಂದ ಹೇಳುವ ಕತೆಯೊಂದಿದೆ. ಅರಬರು ಇಲ್ಲಿಗೆ ಬಂದದ್ದು ಖಡ್ಗ ಹಿಡಿದಲ್ಲ, ತಕ್ಕಡಿ ಹಿಡಿದು. ಬಂದರಿನ ಝೀನತ್ ಬಕ್ಷ್ ಮಸೀದಿ ಕ್ರಿ.ಶ. 644ರದ್ದೆಂದು ಪರಂಪರೆ ಹೇಳುತ್ತದೆ. 14ನೆಯ ಶತಮಾನದಲ್ಲಿ ಇಬ್ನ್ ಬತೂತ ಇಲ್ಲಿ ಫಾರ್ಸ್ ಮತ್ತು ಯಮನಿನ ವರ್ತಕರನ್ನು ಕಂಡ. ಸೌಹಾರ್ದದ ಸಭೆಗಳಲ್ಲಿ ಇದನ್ನೆಲ್ಲ ನಾವು ಮತ್ತೆ ಮತ್ತೆ ನೆನೆಯುತ್ತೇವೆ. ಇಂದಿನ ಕರಾವಳಿಯಲ್ಲಿ ನೆನೆಯಲೇಬೇಕು ಕೂಡ. ಆದರೆ ಈ ಕತೆಯಲ್ಲಿ ಬರುವವರೆಲ್ಲ ವರ್ತಕರೇ. ಮೂಟೆ ಹೊತ್ತವರು ಎಲ್ಲಿ?

ಒಬ್ಬನ ಸುಳಿವು ಸಿಕ್ಕಿದೆ. ಅದೂ ಕೈರೋದಲ್ಲಿ. ದೇವರ ಹೆಸರಿರಬಹುದಾದ ಕಾಗದವನ್ನು ನಾಶಮಾಡಬಾರದೆಂದು ಅಲ್ಲಿನ ಯಹೂದಿ ಪ್ರಾರ್ಥನಾಲಯವೊಂದರಲ್ಲಿ ಶತಮಾನಗಳ ಕಾಲ ಹಳೆಯ ಕಾಗದಗಳನ್ನು ಕೂಡಿಟ್ಟಿದ್ದರು. ಅವುಗಳಲ್ಲಿ 12ನೆಯ ಶತಮಾನದ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳಿವೆ. ಲಿಪಿ ಹೀಬ್ರೂ, ಭಾಷೆ ಅರಬಿ. ಅವನಿಗೊಬ್ಬ ಗುಲಾಮನಿದ್ದ. ಸ್ವರವಿಲ್ಲದೆ ಬರೆದ ಆ ಗುಲಾಮನ ಹೆಸರನ್ನು 'ಬೊಮ್ಮ' ಎಂದು ಓದಬಹುದೆಂದು ಲೇಖಕ ಅಮಿತಾವ್ ಘೋಷ್ ಅವರಿಗೆ ಸೂಚಿಸಿದವರು ನಮ್ಮ ಬಿ.ಎ. ವಿವೇಕ ರೈ. ಘೋಷ್ ಅವರ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' (1992) ಹುಟ್ಟಿದ್ದು ಈ ಬೊಮ್ಮನ ಬೆನ್ನು ಹತ್ತಿ.

ಬೊಮ್ಮ ಬರೀ ಮೂಟೆ ಹೊತ್ತವನಲ್ಲ. ಧಣಿಯ ಪ್ರತಿನಿಧಿಯಾಗಿ ಸರಕಿನೊಂದಿಗೆ ಏಡನ್ನಿಗೆ ಹೋಗಿಬಂದವನು. ಅಲ್ಲಿನ ವರ್ತಕರು ಪತ್ರ ಬರೆಯುವಾಗ ಅವನಿಗೂ ಸಲಾಂ ತಿಳಿಸುತ್ತಿದ್ದರು. ಹಾಗಾದರೆ ಆ ಕಾಲದ ಗುಲಾಮಗಿರಿ ಅಷ್ಟು ಕ್ರೂರವಾಗಿರಲಿಲ್ಲ ಎನ್ನುವವರಿದ್ದಾರೆ. ಅಟ್ಲಾಂಟಿಕ್ ದಾಟಿಸಿ ಕಬ್ಬಿನ ತೋಟಗಳಲ್ಲಿ ದುಡಿಸಿದ ಗುಲಾಮಗಿರಿಯ ಮುಂದೆ ಇದು ಬೇರೆಯೇ ಎಂಬುದು ನಿಜ. ಆದರೆ ಧಣಿ ಒಳ್ಳೆಯವನಾದರೆ ಒಡೆತನ ಒಳ್ಳೆಯದಾಗುತ್ತದೆಯೆ? ಸಲಾಂ ಬಂದದ್ದು ಬೊಮ್ಮನಿಗೋ, ಬೆನ್ ಯಿಜುವಿನ ಆಸ್ತಿಗೋ? ಯಹೂದಿ, ಮುಸಲ್ಮಾನ, ಹಿಂದೂ ವರ್ತಕರು ಒಬ್ಬರನ್ನೊಬ್ಬರು ನಂಬಿ ನಡೆಸಿದ ಆ ಸುಂದರ ಲೋಕದಲ್ಲಿ ಮನುಷ್ಯನನ್ನು ಕೊಳ್ಳಬಹುದು ಎಂಬ ವಿಷಯದಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಗುಲಾಮರ ವಿಮೋಚನೆ ಮಹಾಪುಣ್ಯ ಎಂದು ಕಲಿತಿದ್ದ ನಮ್ಮ ಹಿರಿಯರಿಗೂ ಇರಲಿಲ್ಲ.

ಬೊಮ್ಮ ತಾನೇ ಹೇಳಿದ ಒಂದು ಸಾಲೂ ಉಳಿದಿಲ್ಲ. ಉಳಿದದ್ದೆಲ್ಲ ಧಣಿಗಳ ಲೆಕ್ಕ ಮತ್ತು ದೂರು. ಏಡನ್ನಿನಲ್ಲಿ ಕುಡಿದು ಹೆಚ್ಚು ಹಣಕ್ಕೆ ಪೀಡಿಸಿದ ಎಂಬುದು ಅಂಥದೊಂದು ದೂರು. ಕತೆ ಬರೆಯುವ ನಮಗೆ ಅವನು ಜೀವಂತವಾಗಿ ಕಾಣುವುದು ಅಲ್ಲಿಯೇ. ತನ್ನ ದುಡಿಮೆಗೆ ಬೆಲೆ ಎಷ್ಟೆಂದು ಅವನೂ ಒಮ್ಮೆ ಲೆಕ್ಕ ಹಾಕಿದ್ದಾನೆ.

ಅದೇ ಬೆನ್ ಯಿಜು ಅಶು ಎಂಬ ಗುಲಾಮ ಹೆಣ್ಣನ್ನು ಬಿಡುಗಡೆ ಮಾಡಿದ ಪತ್ರ ಸಿಕ್ಕಿದೆ. ಸ್ಥಳ ಮಂಗಳೂರು, ತಾರೀಕು 1132ರ ಅಕ್ಟೋಬರ್ 17. ಬೊಮ್ಮನ ಹೆಸರಿನಲ್ಲಿ ಅಂಥ ಪತ್ರ ಈವರೆಗೆ ಸಿಕ್ಕಿಲ್ಲ.