ಎಲ್ಲಿಡಬೇಕು?

ಹೊಸ ಪಾತ್ರೆಯೊಂದು ಮನೆಗೆ ಬಂದರೆ ಅದನ್ನು ಎಲ್ಲಿಡಬೇಕೆಂದು ಯಾರೂ ಸಭೆ ಸೇರಿಸುವುದಿಲ್ಲ. ಮೊದಲು ಕೈಗೆತ್ತಿಕೊಂಡವರು ಎಲ್ಲಿಟ್ಟರೋ ಅದೇ ಅದರ ಜಾಗ. ವರ್ಷ ಕಳೆದರೆ ಅದೇ ಸಂಪ್ರದಾಯ. ಕಂಪ್ಯೂಟರಿನ ಲೋಕದಲ್ಲಿ ಇದಕ್ಕೆ ಡೀಫಾಲ್ಟ್ ಎಂದು ಹೆಸರು: ನಾವು ಏನೂ ಹೇಳದಿದ್ದಾಗ ಯಂತ್ರ ತಾನಾಗಿ ಮಾಡುವ ಕೆಲಸ. ಕಾಲೇಜೊಂದರ ಪ್ರಯೋಗಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನನಗೆ ಈ ಪದ ದಿನವೂ ಎದುರಾಗುತ್ತದೆ. ಯೋಚಿಸಿದಷ್ಟೂ ಅದರ ಹಿಂದೆ ಒಂದು ನೈತಿಕ ಪ್ರಶ್ನೆ ನಿಂತಿರುವಂತೆ ಕಾಣುತ್ತದೆ. ತಾವಾಗಿ ಆರಿಸಿಕೊಳ್ಳದವರ ಪರವಾಗಿ ಆರಿಸುವ ಹಕ್ಕು ಯಾರದು? ಹೊಣೆ ಯಾರದು?

ಪರ್ಲ್, ಪೈಥಾನ್ ಮೊದಲಾದ ಭಾಷೆಗಳಲ್ಲಿ ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟ ಮಾಡ್ಯೂಲುಗಳನ್ನು ತಂದು ಬಳಸುತ್ತಾರೆ. ಪರ್ಲ್ ಭಾಷೆಗೆ ಸೀಪ್ಯಾನ್ ಎಂಬ ದೊಡ್ಡ ಭಂಡಾರ 1995ರಿಂದಲೇ ಇದೆ. ತಂದ ಮಾಡ್ಯೂಲನ್ನು ಯಾವ ಕಡತಕೋಶದಲ್ಲಿ ಇಡಬೇಕು ಎಂಬುದೇ ಇಲ್ಲಿನ ಪ್ರಶ್ನೆ. ಇದು ಅಲ್ಪ ವಿಷಯವೆಂದು ನಗಬೇಡಿ. ಒಂದೇ ಯಂತ್ರದಲ್ಲಿ ಹಲವರು ಬಾಳುವೆ ನಡೆಸುವಾಗ ಎಲ್ಲಿಡಬೇಕು ಎಂಬುದು ಯಾರದನ್ನು ಯಾರು ಮುಟ್ಟಬಹುದು ಎಂಬುದರ ಇನ್ನೊಂದು ರೂಪ.

ಪರ್ಲ್ ಇದಕ್ಕೆ ಮೂರು ಮನೆಗಳನ್ನು ಕಟ್ಟಿತು. ಭಾಷೆಯ ಜೊತೆಗೇ ಬಂದ ಮಾಡ್ಯೂಲುಗಳಿಗೆ ಒಂದು, ಲಿನಕ್ಸ್ ಹಂಚುವ ಸಂಸ್ಥೆ ಸೇರಿಸಿದವುಗಳಿಗೆ 'ವೆಂಡರ್' ಎಂಬ ಇನ್ನೊಂದು, ಆ ಯಂತ್ರದ ಯಜಮಾನ ತಾನೇ ತಂದವುಗಳಿಗೆ 'ಸೈಟ್' ಎಂಬ ಮೂರನೆಯದು. ನೀವು ಏನೂ ಹೇಳದಿದ್ದರೆ ಹೊಸದು ಸೈಟ್ ಮನೆಗೆ ಹೋಗುತ್ತದೆ. ಆದರೆ ಒಂದು ತೊಡಕಿತ್ತು. ಕೆಲವು ಮಾಡ್ಯೂಲುಗಳು ಭಾಷೆಯ ಜೊತೆಗೂ ಬರುತ್ತಿದ್ದವು, ಸೀಪ್ಯಾನಿನಲ್ಲೂ ಹೊಸ ಆವೃತ್ತಿಯಾಗಿ ಸಿಗುತ್ತಿದ್ದವು. ಪರ್ಲ್ ಹುಡುಕುವಾಗ ಮೊದಲು ತನ್ನ ಮೂಲಮನೆಗೆ ಹೋಗುತ್ತಿದ್ದುದರಿಂದ ಸೈಟ್ ಮನೆಯಲ್ಲಿಟ್ಟ ಹೊಸದು ಕಣ್ಣಿಗೇ ಬೀಳುತ್ತಿರಲಿಲ್ಲ. ಹಾಗಾಗಿ ಅಂಥವನ್ನು ಮೂಲಮನೆಯಲ್ಲೇ, ಹಳೆಯದರ ಮೇಲೆಯೇ ಇಡಬೇಕಾಗುತ್ತಿತ್ತು. 2010ರಲ್ಲಿ ಬಂದ 5.12ನೆಯ ಆವೃತ್ತಿ ಹುಡುಕುವ ಕ್ರಮವನ್ನೇ ಬದಲಿಸಿತು: ಮೊದಲು ಸೈಟ್, ಆಮೇಲೆ ವೆಂಡರ್, ಕೊನೆಗೆ ಮೂಲ. ಹೊಸದಕ್ಕೆ ಮನ್ನಣೆ ಸಿಕ್ಕಿತು, ಹಳೆಯದು ಅಳಿಯಲಿಲ್ಲ. ಹೊಸದನ್ನು ತೆಗೆದುಹಾಕಿದರೆ ಹಳೆಯದು ಇದ್ದಲ್ಲಿಯೇ ಸಿಗುತ್ತದೆ. ಮನುಷ್ಯರ ಸಂಸಾರದಲ್ಲೂ ಇಷ್ಟು ವಿವೇಕ ಸಾಧ್ಯವಾದರೆ ಎಷ್ಟೋ ಜಗಳಗಳು ಹುಟ್ಟುವುದಿಲ್ಲ.

ಪೈಥಾನಿನಲ್ಲಿ ಕಷ್ಟ ಬೇರೆ. ಲಿನಕ್ಸಿನ ಎಷ್ಟೋ ಉಪಕರಣಗಳು ಪೈಥಾನಿನಲ್ಲೇ ಬರೆದವು. ಫೆಡೋರಾದಲ್ಲಿ ಬಹುಕಾಲ ಪ್ಯಾಕೇಜುಗಳನ್ನು ನಿರ್ವಹಿಸುತ್ತಿದ್ದ ಯಮ್ ಕೂಡ ಹಾಗೆಯೇ. ಯಜಮಾನನ ಅಧಿಕಾರದಿಂದ ಪಿಪ್ ಓಡಿಸಿ ಹೊಸ ಮಾಡ್ಯೂಲು ತರಿಸಿದರೆ, ತನಗೆ ಬೇಕಾದ್ದು ಬಂದಿತೆಂಬ ಸಂತೋಷದಲ್ಲಿ ವ್ಯವಸ್ಥೆ ನಂಬಿಕೊಂಡಿದ್ದ ಮಾಡ್ಯೂಲೇ ಬದಲಾಗಿಬಿಡುವ ಅಪಾಯವಿತ್ತು. 2023ರಲ್ಲಿ ಡೆಬಿಯನ್ 12 ಇದಕ್ಕೆ ಬಾಗಿಲು ಹಾಕಿತು. ವ್ಯವಸ್ಥೆಯ ಪೈಥಾನಿಗೆ ನೇರವಾಗಿ ಏನನ್ನಾದರೂ ಸೇರಿಸಹೊರಟರೆ ಪಿಪ್ ಒಲ್ಲೆನೆನ್ನುತ್ತದೆ. ಪಟ್ಟು ಹಿಡಿಯುವವರಿಗೆ ಒಂದು ಆಯ್ಕೆ ಇದೆ. ಅದರ ಹೆಸರು 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್', ಅಂದರೆ ವ್ಯವಸ್ಥೆಯ ಪ್ಯಾಕೇಜುಗಳನ್ನು ಮುರಿ ಎಂದು. ಈ ಹೆಸರಿಟ್ಟವರ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಯಿತು. ಮಾಡಬೇಡ ಎಂದು ಕೈ ಕಟ್ಟಲಿಲ್ಲ. ಮಾಡುವುದಾದರೆ ಏನು ಮಾಡುತ್ತಿದ್ದೀಯೆಂದು ನಿನ್ನ ಕೈಯಿಂದಲೇ ಬರೆ ಎಂದರು.

ಆದರೆ ಬಾಗಿಲು ಹಾಕಿದಾಗ ಹೊರಗೆ ಯಾರು ಉಳಿದರೆಂದೂ ನೋಡಬೇಕು. ನಮ್ಮ ಪ್ರಯೋಗಾಲಯದ ವಿದ್ಯಾರ್ಥಿಯ ಕೈಯಲ್ಲಿ ಯಜಮಾನನ ಪಾಸ್‌ವರ್ಡ್ ಇಲ್ಲ. 2020ರಲ್ಲಿ ಪಿಪ್ ಅಂಥವರನ್ನು ನೆನೆದು ತನ್ನ ಡೀಫಾಲ್ಟ್ ಬದಲಿಸಿತ್ತು: ಸಾರ್ವಜನಿಕ ಕೋಶದಲ್ಲಿ ಬರೆಯಲು ಅನುಮತಿ ಇಲ್ಲದಿದ್ದರೆ ಬಳಕೆದಾರನ ಸ್ವಂತ ಕೋಶದಲ್ಲೇ ಇಡುವುದು. ಡೆಬಿಯನ್ 12ರ ನಿಯಮ ಈ ಹಾದಿಯನ್ನೂ ಮುಚ್ಚಿ, ಪ್ರತಿ ಕೆಲಸಕ್ಕೂ ಪ್ರತ್ಯೇಕ ಕೋಣೆ, ಅಂದರೆ ವೆನ್ವ್, ಮಾಡಿಕೊಳ್ಳಿರೆಂದು ಹೇಳುತ್ತದೆ. ಸಲಹೆ ಒಳ್ಳೆಯದೇ. ಆದರೆ ಆ ಕೋಣೆ ಕಟ್ಟುವ ಸಲಕರಣೆ ಡೆಬಿಯನ್ನಿನಲ್ಲಿ ಬೇರೆಯದೇ ಪ್ಯಾಕೇಜು. ಅದನ್ನು ಹಾಕಲು ಮತ್ತೆ ಪಾಸ್‌ವರ್ಡ್ ಬೇಕು. ನಾನು ಮುಂಚಿತವಾಗಿ ಹಾಕಿಡದಿದ್ದರೆ ಎಲ್ಲರನ್ನೂ ಕಾಪಾಡುವ ನಿಯಮವೇ ಒಬ್ಬ ಹುಡುಗಿಯ ಪಾಲಿಗೆ ಗೋಡೆಯಾಗುತ್ತದೆ. ಹಾಗೆಂದೇ ನಮ್ಮಲ್ಲಿ ಪ್ರತಿ ಯಂತ್ರದಲ್ಲೂ ಅದು ಮೊದಲೇ ಇರುತ್ತದೆ.

ಪ್ರತ್ಯೇಕ ಕೋಣೆಗಳಿಗೂ ಬೆಲೆಯಿದೆ. ನೋಡ್ ಭಾಷಾಪರಿಸರದ ಎನ್‌ಪಿಎಂ 2011ರಿಂದ ಪ್ರತಿ ಯೋಜನೆಯ ಒಳಗೇ ಮಾಡ್ಯೂಲುಗಳನ್ನು ಇಡುವುದನ್ನು ರೂಢಿಗೊಳಿಸಿತು. ಒಬ್ಬರದು ಇನ್ನೊಬ್ಬರಿಗೆ ತಾಗುವುದಿಲ್ಲ, ನಿಜ. ಆದರೆ ಒಂದೇ ಮಾಡ್ಯೂಲಿನ ಪ್ರತಿಗಳು ಡಿಸ್ಕಿನಲ್ಲಿ ಹತ್ತು ಕಡೆ ಕೂತಿರುತ್ತವೆ. ಒಂದರಲ್ಲಿ ದೋಷ ಕಂಡರೆ ಹತ್ತು ಕಡೆಯೂ ತಿದ್ದಬೇಕು. ಕೂಡಿ ಬಾಳಿದರೆ ಒಬ್ಬರ ತಪ್ಪು ಎಲ್ಲರಿಗೆ ತಟ್ಟುತ್ತದೆ. ಬೇರೆಯಾದರೆ ಪ್ರತಿಯೊಬ್ಬರ ದುರಸ್ತಿಯೂ ಅವರವರ ತಲೆಗೆ ಬರುತ್ತದೆ.

ಆದ್ದರಿಂದ ದೋಷವೇ ಇಲ್ಲದ ಡೀಫಾಲ್ಟ್ ಇದೆಯೆಂದು ನಾನು ನಂಬುವುದಿಲ್ಲ. ಆದರೆ ನ್ಯಾಯವಾದುದನ್ನು ಗುರುತಿಸಬಹುದು. ಅದು ಇನ್ನೊಬ್ಬರದನ್ನು ಕೇಳದೆ ಅಳಿಸುವುದಿಲ್ಲ. ಮಾಡಿದ್ದನ್ನು ಹಿಂತೆಗೆದುಕೊಳ್ಳಲು ಬಿಡುತ್ತದೆ. ಅಪಾಯವನ್ನು ಅದರ ನಿಜ ಹೆಸರಿನಿಂದ ಕರೆಯುತ್ತದೆ. ಅಧಿಕಾರವಿಲ್ಲದವರಿಗೂ ಒಂದಿಷ್ಟು ಜಾಗ ಉಳಿಸುತ್ತದೆ. ತಿಳಿದವರು ಡೀಫಾಲ್ಟ್ ಬದಲಿಸಿಕೊಳ್ಳುತ್ತಾರೆ. ಅವರ ಚಿಂತೆ ಬೇಡ. ಬದಲಿಸಬಹುದೆಂದೇ ತಿಳಿಯದವರು ಕೊನೆಯತನಕ ಅದರೊಳಗೇ ಇರುತ್ತಾರೆ. ನಿರ್ಣಯಿಸುವವರ ಕಣ್ಣೆದುರು ಮೊದಲು ಬರಬೇಕಾದ ಮುಖ ಅವರದು.