ಕ್ರಯವೂ ಕರುಣೆಯೂ

ದಾನವೆಂದರೆ ತನ್ನದನ್ನು ಬಿಟ್ಟುಕೊಡುವುದು. ಕ್ರಯವೆಂದರೆ ಬೆಲೆ ತೆತ್ತು ಪಡೆದುಕೊಳ್ಳುವುದು. ಇವೆರಡೂ ಭಿನ್ನ ಕ್ರಿಯೆಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಂದು ವಸ್ತುವನ್ನು ಕೊಳ್ಳುವುದರಿಂದಲೇ ದುಃಖಿತಳಾದ ಸ್ತ್ರೀಯೊಬ್ಬಳಿಗೆ ಉಪಕಾರವಾಗುವುದಾದರೆ, ಆ ಕ್ರಯವನ್ನು ಏನೆಂದು ಭಾವಿಸಬೇಕು? ಪರಿಗ್ರಹಪರಿಮಾಣ ವ್ರತವನ್ನು ಸ್ವೀಕರಿಸಿದ ಶ್ರಾವಕನು ಅದರಲ್ಲಿ ಭಾಗಿಯಾಗಬಹುದೇ? ಅದನ್ನು ಪುಣ್ಯಕಾರ್ಯವೆಂದು ಎಣಿಸಬಹುದೇ?

ಈ ಪ್ರಶ್ನೆಗೆ ಕಾರಣವಾದ ಪದ್ಧತಿಯು ಅಮೆರಿಕದ್ದು. ಗೃಹಿಣಿಯೊಬ್ಬಳು ನೆರೆಹೊರೆಯವರನ್ನೂ ಗೆಳತಿಯರನ್ನೂ ಮನೆಗೆ ಕರೆದು, ಉಪಾಹಾರವಿತ್ತು, ಸಾಮಾನುಗಳನ್ನು ತೋರಿಸಿ ಮಾರುವ ಕೂಟಗಳು ಅಲ್ಲಿ ಬಹುಕಾಲದಿಂದ ನಡೆದುಬಂದಿವೆ. ಟಪ್ಪರ್‌ವೇರ್ ಸಂಸ್ಥೆಯು 1951ರಲ್ಲಿ ತನ್ನ ಪ್ಲಾಸ್ಟಿಕ್ ಡಬ್ಬಗಳನ್ನು ಅಂಗಡಿಗಳಿಂದ ಹಿಂತೆಗೆದು ಇಂತಹ ಕೂಟಗಳ ಮೂಲಕವೇ ಮಾರಲು ನಿರ್ಧರಿಸಿದ ಮೇಲೆ ಈ ಪದ್ಧತಿ ಮನೆಮಾತಾಯಿತು. ಈಚಿನ ವರ್ಷಗಳಲ್ಲಿ ಕೆಲವು ಸೇವಾಸಂಸ್ಥೆಗಳು ಇದೇ ಮಾರ್ಗವನ್ನು ಹಿಡಿದು, ಮಾನವ ಸಾಗಾಣಿಕೆಯ ಜಾಲದಿಂದ ಬಿಡುಗಡೆ ಹೊಂದಿದ ಸ್ತ್ರೀಯರು ತಯಾರಿಸಿದ ಸರ, ಚೀಲ, ಹೊದಿಕೆಗಳನ್ನು ಮಾರುತ್ತಿವೆ. ಇಂತಹ ಕೈಕೆಲಸವು ಭಾರತದಲ್ಲಿಯೂ ನಡೆದಿದೆ. ಕೋಲ್ಕತ್ತದ ಸೋನಾಗಾಛಿ ಪ್ರದೇಶದಲ್ಲಿ 2001ರಲ್ಲಿ ಆರಂಭವಾದ ಫ್ರೀಸೆಟ್ ಎಂಬ ಉದ್ಯಮವು ಸೆಣಬಿನ ಚೀಲಗಳ ಹೊಲಿಗೆಯಿಂದ ಸ್ತ್ರೀಯರಿಗೆ ಬೇರೆ ಜೀವನೋಪಾಯವನ್ನು ಕಲ್ಪಿಸಿತು. ಅದೇ ನಗರದಲ್ಲಿ 2006ರಲ್ಲಿ ಆರಂಭವಾದ ಸಾರಿ ಬಾರಿ ಸಂಸ್ಥೆಯಲ್ಲಿ ಹಳೆಯ ಸೀರೆಗಳನ್ನು ಪದರವಾಗಿಟ್ಟು ಕಾಂಥಾ ಹೊಲಿಗೆಯಿಂದ ಕೌದಿಗಳನ್ನು ಸಿದ್ಧಪಡಿಸಲಾಯಿತು.

ಮಾನವ ಸಾಗಾಣಿಕೆಯೆಂಬುದು ಹಿಂದಿನ ಕಾಲದೊಡನೆ ಮುಗಿದ ಪಾಪವಲ್ಲ. ಭಾರತದ ಸಂವಿಧಾನವು 23ನೆಯ ಅನುಚ್ಛೇದದಲ್ಲಿ ಅದನ್ನು ನಿಷೇಧಿಸಿದೆ. 2000ದಲ್ಲಿ ವಿಶ್ವಸಂಸ್ಥೆಯು ಇದರ ನಿವಾರಣೆಗಾಗಿಯೇ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ಆದರೂ 2021ರಲ್ಲಿ ಲೋಕದಲ್ಲಿ 2 ಕೋಟಿ 76 ಲಕ್ಷ ಜನರು ಬಲವಂತದ ದುಡಿಮೆಯಲ್ಲಿದ್ದರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಅಂದಾಜು ಮಾಡಿದೆ. ಜೈನಾಚಾರ್ಯರಿಗೆ ಈ ಪಾಪದ ಸ್ವರೂಪವು ಅಪರಿಚಿತವಾಗಿರಲಿಲ್ಲ. ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಅತಿಭಾರವನ್ನು ಹೇರುವುದು, ಅನ್ನಪಾನವನ್ನು ತಡೆಯುವುದು ಎಂದು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ. ಸಾಗಾಣಿಕೆಗೆ ಸಿಕ್ಕಿದ ಜೀವವು ಅನುಭವಿಸುವುದು ಬಹುಮಟ್ಟಿಗೆ ಇವುಗಳನ್ನೇ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ವರ್ಜ್ಯವೆಂದು ಹೇಳಿದ ಕ್ರೂರ ವೃತ್ತಿಗಳಲ್ಲಿ ಕೇಶವಾಣಿಜ್ಯ, ಅಂದರೆ ದಾಸದಾಸಿಯರ ಹಾಗೂ ಪಶುಗಳ ವ್ಯಾಪಾರವೂ ಒಂದಾಗಿದೆ.

ಇಲ್ಲಿ ಸತಿ ಚಂದನೆಯ ಚರಿತ್ರೆಯನ್ನು ಸ್ಮರಿಸುವುದು ಉಚಿತ. ಚೇಟಕ ಮಹಾರಾಜನ ಪುತ್ರಿಯಾದ ಆಕೆ ಅಪಹೃತಳಾಗಿ, ಪರರ ಕೈ ಸೇರಿ, ಕಡೆಗೆ ಕೌಶಾಂಬಿಯ ಶ್ರೇಷ್ಠಿಯೊಬ್ಬನ ಮನೆಗೆ ಬಂದಳು. ಅಲ್ಲಿ ಗೃಹಿಣಿಯ ಅಸೂಯೆಯಿಂದ ಸಂಕೋಲೆಯನ್ನು ಧರಿಸಬೇಕಾಯಿತು. ಚರ್ಯೆಗೆ ಹೊರಟ ಮಹಾವೀರ ಸ್ವಾಮಿಯು ಆಹಾರವನ್ನು ಸ್ವೀಕರಿಸಿದ್ದು ಆ ಬಂಧಿತಳ ಹಸ್ತದಿಂದ. ಮುಂದೆ ಆಕೆಯೇ ಆರ್ಯಿಕಾ ಸಂಘದ ಪ್ರಮುಖಳಾದಳು. ಈ ಪ್ರಸಂಗವನ್ನು ಕೇಳಿದವರು ಸಂಕೋಲೆ ಕಳಚಿದುದನ್ನು ಅತಿಶಯವೆಂದು ಕೊಂಡಾಡುತ್ತಾರೆ. ಅಷ್ಟೇ ಗಮನಾರ್ಹವಾದ ಇನ್ನೊಂದು ಸಂಗತಿಯಿದೆ. ಚಂದನೆಯು ಅಂದು ಭಿಕ್ಷೆಯನ್ನು ಬೇಡಿದವಳಲ್ಲ, ನೀಡಿದವಳು. ಲೋಕವು ಯಾರನ್ನು ಸರಕೆಂದು ಬಗೆದಿತ್ತೋ ಆಕೆಯನ್ನು ತೀರ್ಥಂಕರರು ದಾತೃವಿನ ಸ್ಥಾನದಲ್ಲಿ ಕಂಡರು.

ಮೇಲಿನ ಪ್ರಶ್ನೆಗೆ ಸಮಾಧಾನವೂ ಇಲ್ಲಿಯೇ ಇದೆ. ನೊಂದ ಸ್ತ್ರೀಯು ಹೊಲಿದ ಚೀಲವನ್ನು ಬೆಲೆ ಕೊಟ್ಟು ಕೊಂಡವನು ದಾನ ಮಾಡಿದವನಲ್ಲ. ಅವನ ಹಣಕ್ಕೆ ಸರಿಯಾದ ವಸ್ತು ಅವನ ಕೈಸೇರಿದೆ, ಋಣ ತೀರಿದೆ. ಅದನ್ನು ದಾನವೆಂದು ಕರೆದರೆ ಆಕೆಯ ದುಡಿಮೆಯನ್ನು ಭಿಕ್ಷೆಗೆ ಇಳಿಸಿದಂತಾಗುತ್ತದೆ. ತನ್ನ ದೇಹಕ್ಕೆ ಪರರು ಬೆಲೆ ಕಟ್ಟಿದುದನ್ನು ಕಂಡವಳಿಗೆ, ತನ್ನ ಕೆಲಸಕ್ಕೆ ತಾನೇ ಬೆಲೆ ಹೇಳಿ ಪಡೆಯುವ ಅಧಿಕಾರವು ಮರಳಿ ಬರುವುದು ದೊಡ್ಡ ವಿಷಯ. ಆದುದರಿಂದ ಈ ಕ್ರಯವು ನ್ಯಾಯದ ಕಾರ್ಯ. ನ್ಯಾಯವಾಗಿರುವುದೇ ಅದರ ಗೌರವ.

ಆದರೂ ವ್ರತಿಕನಿಗೆ ಇಲ್ಲಿ ಎಚ್ಚರಿಕೆ ಬೇಕು. ಮೊದಲನೆಯದು ಅತಿಸಂಗ್ರಹ. ಸಮಂತಭದ್ರಾಚಾರ್ಯರು ಇದನ್ನು ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಬೇಡವಾದ ಹತ್ತನೆಯ ಚೀಲವನ್ನು ಕರುಣೆಯ ಹೆಸರಿನಲ್ಲಿ ಮನೆಗೆ ತರುವುದು ಲೋಭಕ್ಕೆ ಧರ್ಮದ ಹೊದಿಕೆ ಹೊದಿಸಿದಂತೆ. ಎರಡನೆಯದು ದಾಕ್ಷಿಣ್ಯ. ಆತಿಥ್ಯವನ್ನು ಸ್ವೀಕರಿಸಿದ ಗೆಳತಿಯು ಬರಿಗೈಯಲ್ಲಿ ಹೋಗಲು ನಾಚಿ ಕೊಂಡರೆ ಅದು ಸಣ್ಣದಾದರೂ ಒತ್ತಾಯವೇ. ಒತ್ತಾಯದಿಂದ ನೊಂದವರ ಹೆಸರಿನಲ್ಲಿ ಇನ್ನೊಬ್ಬರನ್ನು ಒತ್ತಾಯಿಸುವುದು ವಿಪರೀತ. ಮೂರನೆಯದು ಲಾಭ. ಇಂತಹ ಕೂಟಗಳಲ್ಲಿ ಮಾರಾಟಕ್ಕೆ ತಕ್ಕಂತೆ ಆತಿಥೇಯಳಿಗೆ ಉಡುಗೊರೆ ಕೊಡುವ ರೂಢಿಯುಂಟು. ಅದನ್ನು ಬಿಡುವುದೇ ಲೇಸು. ನಾಲ್ಕನೆಯದು ಅತಿ ಸೂಕ್ಷ್ಮವಾದದ್ದು. ನೊಂದವಳ ಕಥೆಯನ್ನೂ ಭಾವಚಿತ್ರವನ್ನೂ ಸರಕಿನ ಪಕ್ಕದಲ್ಲಿಟ್ಟು ಕಣ್ಣೀರಿನಿಂದ ವ್ಯಾಪಾರವನ್ನು ಬೆಳೆಸಿದರೆ, ಒಮ್ಮೆ ಮಾರಾಟವಾದವಳು ಮತ್ತೊಮ್ಮೆ ಮಾರಾಟವಾದಂತೆ. ಕೆಲಸದ ಅಂದವನ್ನು ಹೇಳಿದರೆ ಸಾಕು.

ಅಮೆರಿಕದಲ್ಲಿ ನೆಲೆಸಿದ ಜೈನ ಕುಟುಂಬವೊಂದು ಇಂತಹ ಕೂಟವನ್ನು ಏರ್ಪಡಿಸುವುದಾದರೆ, ರಾತ್ರಿಭೋಜನತ್ಯಾಗಕ್ಕೆ ಭಂಗಬಾರದಂತೆ ಹಗಲಿನಲ್ಲಿಯೇ ಮುಗಿಸಲಿ. ತೊಗಲು, ರೇಷ್ಮೆಗಳ ವಸ್ತುಗಳನ್ನು ಬಿಡಲಿ. ಮಾಡಿದವರಿಗೆ ದೊರೆಯುವ ಕೂಲಿಯೆಷ್ಟೆಂದು ಸಂಸ್ಥೆಯನ್ನು ಸಂಕೋಚವಿಲ್ಲದೆ ಕೇಳಲಿ. ಕೊಳ್ಳುವವರು ಅಗತ್ಯವಾದುದನ್ನು ಮಾತ್ರ ಕೊಳ್ಳಲಿ. ದಾನ ಮಾಡುವ ಮನಸ್ಸಿದ್ದವರು ಯಾವ ವಸ್ತುವನ್ನೂ ಪಡೆಯದೆ ಬೇರೆಯಾಗಿ ಕೊಡಲಿ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳಲ್ಲಿ, ಭಯದಿಂದ ಪಾರಾದವಳಿಗೆ ಆಶ್ರಯ, ಚಿಕಿತ್ಸೆ, ವಿದ್ಯೆಗಳಿಗಾಗಿ ಕೊಟ್ಟದ್ದು ಸಲ್ಲುವ ಸ್ಥಾನವಿದೆ. ಉಪವಾಸದ ದಿನ ಉಳಿದ ಹಣವನ್ನು ಇದಕ್ಕಾಗಿ ತೆಗೆದಿಡುವುದೂ ಯೋಗ್ಯವೇ.

ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತದೆ. ಕದ್ದು ತಂದ ವಸ್ತುವನ್ನು ಕೊಳ್ಳುವುದು ಅಚೌರ್ಯಾಣುವ್ರತಕ್ಕೆ ಅತಿಚಾರ. ಬಲವಂತದಿಂದ ದುಡಿಸಿಕೊಂಡ ಶ್ರಮವೂ ಕದ್ದದ್ದೇ ಅಲ್ಲವೇ? ವರ್ಷದಲ್ಲಿ ಒಂದು ದಿನ ಕರುಣೆಯ ಚೀಲವನ್ನು ಕೊಂಡು, ಉಳಿದ ದಿನಗಳಲ್ಲಿ ಅಗ್ಗವೆಂಬ ಒಂದೇ ಕಾರಣದಿಂದ ಮೂಲವನ್ನು ವಿಚಾರಿಸದೆ ಕೊಂಡ ವಸ್ತುಗಳನ್ನು ಆ ಚೀಲದಲ್ಲಿ ತುಂಬಿಸಿದರೆ ವ್ರತವು ನಿಲ್ಲುವುದೆಲ್ಲಿ? ಈ ಪ್ರಶ್ನೆಯನ್ನು ಪ್ರತಿ ಕ್ರಯದಲ್ಲಿಯೂ ತನ್ನನ್ನು ತಾನು ಕೇಳಿಕೊಳ್ಳುವುದು ವಿವೇಕಿಯಾದ ಶ್ರಾವಕನ ಕರ್ತವ್ಯ.